ನಾಲ್ಕು ಕಾಲಿನ ಕಾಸು

ಕಂಡಕ್ಟರನ ಹೆಬ್ಬೆರಳಿಗೂ ಒಂದು ಕಣ್ಣಿರುತ್ತದೆ ಎಂದು ನಾನು ಕಂಡಕಂಡವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಕೃಷ್ಣರಾಜಪೇಟೆಯಿಂದ ಪಾಂಡವಪುರ, ಅಲ್ಲಿಂದ ಶ್ರೀರಂಗಪಟ್ಟಣ, ಡ್ಯೂಟಿ ಬದಲಾದರೆ ನಾಗಮಂಗಲ, ಇಷ್ಟರೊಳಗೇ ನನ್ನ ಸರ್ವಿಸೆಲ್ಲ ಮುಗಿದುಹೋಯಿತು. ಬಸ್ಸು ಎಷ್ಟೇ ಓಲಾಡಲಿ, ಕಂಬಿಗೆ ಬೆನ್ನು ಕೊಟ್ಟು ನಿಂತು ಚರ್ಮದ ಚೀಲದೊಳಗೆ ಕೈ ಬಿಟ್ಟರೆ ಎರಡು ರೂಪಾಯಿ ಯಾವುದು, ಐದು ರೂಪಾಯಿ ಯಾವುದು, ಹೊಸದೋ ಹಳೆಯದೋ, ಬೆರಳೇ ಹೇಳಿಬಿಡುತ್ತಿತ್ತು. ಬಾಯಿ ಆ ಹೊತ್ತಿಗೆ ಬೇರೆ ಕೆಲಸದಲ್ಲಿರುತ್ತಿತ್ತು. "ಮುಂದಕ್ಕೋಗ್ರಿ, ಬಾಗ್ಲಲ್ಲಿ ಯಾಕ್ ನೇತಾಕ್ಕೊಂಡಿದ್ದೀರಿ, ಒಳಗೇನ್ ಹುಲಿ ಐತಾ?" ನನ್ನ ಬಾಯಿಗೆ ಆ ರೂಟಿನಲ್ಲಿ ಹೆಸರಿತ್ತು. ಒಳ್ಳೆಯ ಹೆಸರೇನಲ್ಲ.

ಈಗ ರಿಟೈರಾಗಿದ್ದೇನೆ. ಮನೆ ಕೃಷ್ಣರಾಜಪೇಟೆಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ. ಹೆಂಡತಿ ತೀರಿಕೊಂಡ ಮೇಲೆ ನಾನೊಬ್ಬನೇ. ಒಬ್ಬನಿಗೆ ಮುದ್ದೆ ತೊಳಸುವ ಕಷ್ಟ ಮಾಡಿದವರಿಗೇ ಗೊತ್ತು. ಎಷ್ಟು ಕಮ್ಮಿ ಹಿಟ್ಟು ಹಾಕಿದರೂ ಎರಡು ಮುದ್ದೆ ಆಗಿಬಿಡುತ್ತದೆ. ಎರಡನೆಯದನ್ನು ನೋಡಿಕೊಂಡು ಮೊದಲನೆಯದನ್ನು ಉಣ್ಣಬೇಕು. ನಾಗಮಂಗಲಕ್ಕೆ ಕೊಟ್ಟಿರುವ ಮಗಳು ದಿನಾ ಸಂಜೆ ಫೋನ್ ಮಾಡುತ್ತಾಳೆ. "ಊಟ ಆಯ್ತಾ ಅಪ್ಪಾ?" "ಆಯ್ತು ಕಣವ್ವ." "ಮಾತ್ರೆ ತಗೊಂಡ್ರಾ?" "ತಗೊಂಡೆ." ಅಲ್ಲಿಗೆ ಮಾತು ಮುಗಿಯಿತು. ಮಾತಾಡುವ ಜನ ಬೇಕಿದ್ದರೆ ಬಸ್ ಸ್ಟ್ಯಾಂಡಿಗೆ ಹೋದರೆ ಸಿಗುತ್ತಾರೆ. ಜಗಳವಾಡುವ ಜನ ಎಲ್ಲಿ ಸಿಗುತ್ತಾರೆ? ಬೈಯುವುದಕ್ಕೂ ಎದುರಿಗೆ ಒಬ್ಬರು ಬೇಕಲ್ಲ.

ಕಿಟಕಿಯ ಪಕ್ಕ ಒಂದು ಮೇಜಿದೆ. ಮೇಲೊಂದು ಭೂತಗನ್ನಡಿ, ಮಗಳ ಹಳೆಯ ಬಣ್ಣದ ಬ್ರಷ್ಷು, ಬೆಂಕಿಪೊಟ್ಟಣಗಳಲ್ಲಿ ಹತ್ತಿ ಹಾಸಿ ಮಲಗಿಸಿದ ಕಾಸುಗಳು. ಕೆಲವು ನಮ್ಮ ಸೀಮೆಯ ಆನೆ ಕಾಸು. ಉಳಿದವು ರೋಮ್ ದೇಶದ ಚಕ್ರವರ್ತಿಗಳ ಕಂಚಿನ ಕಾಸುಗಳು, ಸಾವಿರದ ಆರುನೂರು, ಏಳುನೂರು ವರ್ಷದ ಹಿಂದಿನವು. "ಕಂಡಕ್ಟ್ರಿಗೆ ರೋಮ್ ಯಾಕ್ ಬೇಕಿತ್ತು" ಎಂದು ಹಳೆಯ ಡ್ರೈವರ್‌ಗಳು ನಗುತ್ತಾರೆ. ನಗಲಿ. ಆ ಪೊಟ್ಟಣಗಳಲ್ಲಿ ಒಂದು ಖಾಲಿ ಇದೆ. ಅದರಲ್ಲಿದ್ದ ಕಾಸಿನ ಮೇಲೆ ಇರುವುದು ಏನು ಎಂದು ನಾನೊಂದು ಹೇಳುತ್ತಿದ್ದೆ, ನನ್ನ ಹೆಂಡತಿ ಇನ್ನೊಂದು ಹೇಳುತ್ತಿದ್ದಳು. ಯಾರು ಸರಿ ಎಂಬುದೇ ನಮ್ಮ ಕೊನೆಯ ಜಗಳ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಈ ಹುಚ್ಚು ಹಿಡಿಸಿದವಳು ಪಾಂಡವಪುರದಲ್ಲಿ ಬಸ್ಸು ಹತ್ತಿದ ಒಬ್ಬ ಮುದುಕಿ. ಅವಳು ಕೊಟ್ಟ ಚಿಲ್ಲರೆಯಲ್ಲಿ ಒಂದು ನನ್ನ ಬೆರಳಿಗೆ ಅಡ್ಡ ಬಂತು. ದಪ್ಪ, ಅಂಚು ಸೊಟ್ಟ. ತೆಗೆದು ನೋಡಿದರೆ ಸೊಂಡಿಲೆತ್ತಿದ ಆನೆ. "ಏನಜ್ಜಿ, ನಂಗೇ ಟೋಪಿ ಆಕ್ತೀಯಾ?" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದೆ. ಮುದುಕಿ ಒಂದಿಷ್ಟೂ ಅಳುಕದೆ, "ದೊರೆಗಳ ಕಾಸು ನಿನ್ ಬಸ್ಸಿಗೆ ಸಾಲ್ದೇನಪ್ಪಾ?" ಎಂದಳು. ಜನ ಗೊಳ್ಳೆಂದು ನಕ್ಕರು. ನನಗೆ ಅವಮಾನವಾಯಿತು, ಆದರೆ ಕಾಸು ಹಿಂದಕ್ಕೆ ಕೊಡಲಿಲ್ಲ. ಅವಳ ಟಿಕೆಟ್ಟಿಗೆ ನನ್ನ ಜೇಬಿನಿಂದ ಹಾಕಿ ಆನೆಯನ್ನು ಮನೆಗೆ ತಂದೆ.

ಮಾರನೆಯ ದಿನ ಡ್ಯೂಟಿ ಮುಗಿಸಿ ಬಂದು ನೋಡುತ್ತೇನೆ, ನನ್ನ ಹೆಂಡತಿ ಅದನ್ನು ದೇವರ ಪಾತ್ರೆಗಳ ಜೊತೆ ಸೇರಿಸಿ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದಾಳೆ. ಕಿಲುಬಿನ ಜೊತೆಗೆ ಆನೆಯ ಕಿವಿಯೂ ಹೋಗಿತ್ತು. "ನೋಡ್ರೀ, ಎಂಗ್ ಪಳಪಳ ಅಂತದೆ" ಎಂದು ಅಂಗೈ ಮೇಲೆ ಇಟ್ಟು ತೋರಿಸಿದಳು. ನಾನು ಕೂಗಾಡಿದ ಸದ್ದಿಗೆ ಪಕ್ಕದ ಮನೆಯವರು ಹೊರಗೆ ಬಂದರು. ತಾಮ್ರ, ಹಿತ್ತಾಳೆ, ಕಂಚು ಕಂಡರೆ ಹುಣಸೆಹಣ್ಣು ತಿಕ್ಕುವುದು ನಮ್ಮ ಕಡೆ ಹೆಂಗಸರ ಕೈಗೆ ಹುಟ್ಟಿನಿಂದ ಬಂದ ಕೆಲಸ. ಹಳೆಯ ಕಾಸಿಗೆ ಆ ಹಸಿರು ಕಿಲುಬೇ ಚರ್ಮ, ಅದು ಹೋದರೆ ಮೇಲಿನ ಮುಖವೂ ಹೋಗುತ್ತದೆ ಎಂದು ಅವಳಿಗೆ ಹೇಳಿದವರಾರು? ನನಗೇ ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೂ, ಅವತ್ತು ಕೂಗಾಡಿದ್ದು ತಪ್ಪಾಯಿತು ಎಂದು ನಾನು ಹೇಳಲಿಲ್ಲ.

ರೋಮ್ ಕಾಸುಗಳು ಬಂದದ್ದು ಶ್ರೀರಂಗಪಟ್ಟಣದಿಂದ. ಕೋಟೆಯ ಹತ್ತಿರ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಹಳೆಯ ಬೀಗ, ಗಂಟೆ, ಕಾಸು ಮಾರುವವನೊಬ್ಬ ಇದ್ದ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮರಳು ಜರಡಿ ಹಿಡಿದು ಸಿಕ್ಕಿದ್ದು ಎಂದು ಒಂದು ಹಿಡಿ ಕಾಸು ಕೊಟ್ಟ. ಎಲ್ಲವೂ ಆನೆ ಎಂದು ನಾನೂ ನಂಬಿದೆ, ಅವನೂ ನಂಬಿದ್ದ. ಮನೆಗೆ ಬಂದು ಬರೀ ನೀರಿನಲ್ಲಿ ನೆನೆಹಾಕಿ, ಬ್ರಷ್ಷಿನಲ್ಲಿ ಮೆಲ್ಲಗೆ ಸವರಿದರೆ ನಾಲ್ಕೈದರಲ್ಲಿ ಆನೆ ಇರಲಿಲ್ಲ. ಈಗಿನ ಒಂದು ರೂಪಾಯಿಗಿಂತ ಚಿಕ್ಕವು, ತೆಳ್ಳಗಿನವು. ಒಂದು ಕಡೆ ಪಕ್ಕಕ್ಕೆ ತಿರುಗಿದ ಮನುಷ್ಯನ ಮುಖ. ಸುತ್ತ ಸವೆದ ಇಂಗ್ಲಿಷ್ ಅಕ್ಷರ.

ಪಾಂಡವಪುರದಲ್ಲಿ ನನ್ನ ಬಸ್ಸಿಗೆ ಬರುತ್ತಿದ್ದ ಮೇಷ್ಟ್ರೊಬ್ಬರು ಕಾಲೇಜಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದವರು. ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, "ಅಲ್ರೀ ಕಂಡಕ್ಟ್ರೇ, ಇದು ರೋಮ್‌ದು!" ಎಂದು ಸೀಟಿನಿಂದ ಎದ್ದುಬಿಟ್ಟರು. ಮೆಣಸಿಗೆ, ಬಟ್ಟೆಗೆ ಬಂದ ಹಡಗುಗಳ ಜೊತೆ ಈ ಕಡೆ ಸೀಮೆಗೆಲ್ಲ ರೋಮಿನ ಹಣ ಬಂದಿತ್ತಂತೆ. ಚಿನ್ನ ಬೆಳ್ಳಿ ಮೊದಲು, ಈ ಬಡಪಾಯಿ ಕಂಚು ಆಮೇಲೆ. ಅವತ್ತಿನಿಂದ ಅವರೇ ನನಗೆ ಗುರು.

ಅವರು ಕಲಿಸಿದ್ದು ಹೀಗೆ. ಮೊದಲು ಅಕ್ಷರ ನೋಡಬೇಡ, ತಲೆ ನೋಡು. ತಲೆಯ ಮೇಲೆ ಮುಳ್ಳುಮುಳ್ಳಿನ ಕಿರೀಟವೇ, ಎಲೆಯ ಮಾಲೆಯೇ, ಮಣಿ ಪೋಣಿಸಿದ ಪಟ್ಟಿಯೇ? ಅಷ್ಟರಲ್ಲೇ ಯಾವ ಕಾಲದ್ದು ಎಂದು ಅರ್ಧ ತಿಳಿಯುತ್ತದೆ. ಆಮೇಲೆ ಹಿಂದಕ್ಕೆ ತಿರುಗಿಸು. ಯಾರು ನಿಂತಿದ್ದಾರೆ, ಎಷ್ಟು ಜನ, ಕೈಯಲ್ಲಿ ಏನಿದೆ? ಕೆಳಗೊಂದು ಅಡ್ಡಗೆರೆ, ಗೆರೆಯಡಿ ಎರಡು ಮೂರು ಅಕ್ಷರ ಇದ್ದರೆ ಅದು ಟಂಕಸಾಲೆಯ ಗುರುತು. ಬಸ್ಸಿನ ಮೇಲೆ ಯಾವ ಡಿಪೋ ಎಂದು ಬರೆದಿರುವುದಿಲ್ಲವೇ, ಹಾಗೆ. ಬೆಳಕನ್ನು ಮೇಲಿನಿಂದ ಬಿಡಬಾರದು, ಪಕ್ಕದಿಂದ ಬಿಡಬೇಕು. ಆಗ ಉಬ್ಬು ತಗ್ಗಿನ ನೆರಳು ಬೀಳುತ್ತದೆ. ಒಂದು ಕಾಸಿಗೆ ಒಂದು ತಿಂಗಳು ಹಿಡಿದರೂ ಪರವಾಗಿಲ್ಲ. ನನ್ನಂಥ ಮುಂಗೋಪಿಗೆ ಈ ತಾಳ್ಮೆ ಎಲ್ಲಿಂದ ಬಂತೋ ಗೊತ್ತಿಲ್ಲ. "ಆ ತಾಳ್ಮೇಲಿ ಕಾಲ್ ಭಾಗ ನಂಗ್ ತೋರ್ಸಿದ್ರೆ ಈ ಮನೆ ಸ್ವರ್ಗ ಆಗೋದು" ಎಂದು ಹೆಂಡತಿ ಹೇಳುತ್ತಿದ್ದಳು.

ಅವಳ ಬಗ್ಗೆ ಹೇಳಬೇಕು. ಸಿಂಧಘಟ್ಟದ ಬೇಸಾಯದ ಮನೆಯವಳು. ನನಗೆ ಸೋದರಮಾವನ ಮಗಳು. ಓದಿದ್ದು ನಾಲ್ಕನೇ ಕ್ಲಾಸು. ಪೇಟೆಗೆ ಬಂದರೂ ಹಸು ಬಿಟ್ಟವಳಲ್ಲ, ಹಿತ್ತಲಲ್ಲಿ ಕೊಟ್ಟಿಗೆ ಹಾಕಿಸಿಕೊಂಡು ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಿದ್ದಳು. ನಾನು ರಿಟೈರಾಗಿ ಮನೆಯಲ್ಲಿ ಕೂತ ಮೇಲೆ ಹಗಲು ಕೆಲಸ ಮುಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದು ನಿಲ್ಲುವುದು ರೂಢಿಯಾಯಿತು. "ಇದ್ಯಾವನು? ಯಾಕ್ರೀ ಎಲ್ಲಾರೂ ಮಕ ಆ ಕಡೀಕ್ ತಿರುಗಿಸ್ಕೊಂಡವ್ರೆ? ನಿಮ್ಮಂಗೇ ಕ್ವಾಪಾನಾ?" ನನಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಕಣ್ಣು ಸಾಲುತ್ತಿರಲಿಲ್ಲ. ಅವಳಿಗೆ ಕಣ್ಣಿತ್ತು, ಆ ಅಕ್ಷರ ಬರುತ್ತಿರಲಿಲ್ಲ. ಅವಳು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಳು, ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದೆ.

ಒಂದರ ಮೇಲೆ, "ಇಬ್ರು ನಿಂತವ್ರೆ. ಭರ್ಜಿ ಹಿಡ್ಕೊಂಡವ್ರೆ. ಮದ್ದೀಲಿ ಒಂದು ಕಂಬ. ಗೋವಿಂದನಹಳ್ಳಿ ಗುಡೀಲಿ ಬಾಗ್ಲತಾವ ನಿಂತವ್ರಲ್ಲಾ, ಅಂಗೆ" ಎಂದಳು. ಹುಡುಕಿದರೆ ಅದು ಸೈನ್ಯದ ಕೀರ್ತಿ ಹೇಳುವ ಕಾಸು, ಇಬ್ಬರು ಸೈನಿಕರ ನಡುವೆ ಪತಾಕೆ. ಇನ್ನೊಂದರ ಮೇಲೆ ರೆಕ್ಕೆಯಿರುವ ಹೆಣ್ಣು ಒಬ್ಬನ ಜುಟ್ಟು ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ವಿಜಯದ ದೇವತೆ, ಸೆರೆಯಾಳನ್ನು ಎಳೆಯುತ್ತಿರುವುದು. "ಎಳೀಲಿ ಬುಡಿ, ಏನ್ ಮಾಡಿದ್ನೋ ಮೂದೇವಿ" ಎಂದು ನಕ್ಕಳು. ಅವಳು ಕಂಡು ಹೇಳಿದ್ದನ್ನು ನಾನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಮೇಷ್ಟ್ರಿಗೆ ತೋರಿಸುವಾಗ ಮಾತ್ರ "ನಾನು ಕಂಡುಹಿಡಿದೆ" ಎನ್ನುತ್ತಿದ್ದೆ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ.

ಕೊನೆಗೆ ಉಳಿದದ್ದು ಒಂದೇ ಕಾಸು. ಬಹಳ ಸವೆದಿತ್ತು. ಮುಂದಿನ ಮುಖದಲ್ಲಿ ತಲೆಯ ಮೇಲೆ ಮಣಿಮಣಿಯಾಗಿ ಏನೋ. ಹಿಂದೆ ಕೆಳಭಾಗದಲ್ಲಿ ಕಾಲುಗಳು, ಒಂದು ಪ್ರಾಣಿಯ ಮೈ, ಮೇಲಿನದೆಲ್ಲ ನುಣ್ಣಗೆ. ಮೇಷ್ಟ್ರು ಬಸ್ಸಿಗೆ ಕಾಯುತ್ತಾ ನಿಂತಿದ್ದವರು ಒಂದು ನಿಮಿಷ ನೋಡಿ, "ಕುದುರೆಯಿಂದ ಬಿದ್ದ ಸವಾರ. ಸೈನಿಕ ಭರ್ಜಿಯಲ್ಲಿ ತಿವಿಯುತ್ತಿರುತ್ತಾನೆ. ಇದು ಹೇರಳವಾಗಿ ಸಿಗುತ್ತದೆ" ಎಂದು ಬಸ್ಸು ಹತ್ತಿದರು. ಅಷ್ಟು ಸಾಕಾಯಿತು ನನಗೆ. ಹೆಬ್ಬೆರಳಿನಿಂದ ಸವರಿದೆ, ಬೆರಳೂ ಕುದುರೆ ಎಂದಿತು.

ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಕುದ್ರೆ ಅಲ್ಲ ಕಣ್ರೀ" ಎಂದಳು.

"ಮತ್ತೇನು?"

"ಅಸ ಇದ್ದಂಗದೆ. ಕರೂಗೆ ಆಲು ಕುಡಿಸ್ತಾ ಅದೆ."

ನಾನು ನಕ್ಕ ನಗು ಒಳ್ಳೆಯ ನಗುವಲ್ಲ. "ರೋಮ್ ಚಕ್ರವರ್ತಿ ನಿಮ್ ಡೈರಿಗೆ ಆಲಾಕ್ತಿದ್ನಾ? ನಿನ್ ತಲೇಲಿ ಬರೀ ಸಗಣಿ ತುಂಬ್ಕೊಂಡದೆ" ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. ಸಿಟ್ಟೆಲ್ಲ ಆ ಮನೆಯಲ್ಲಿ ನನ್ನದೇ ಆಗಿತ್ತು. ಒಂದು ಕಡ್ಡಿ ತೆಗೆದುಕೊಂಡು, ಕಾಸಿಗೆ ತಾಗಿಸದೆ, ತೋರಿಸುತ್ತಾ ಹೋದಳು. "ನೋಡಿ, ಬಿದ್ದ ಕುದ್ರೆ ಇಂಗೆ ನಾಕ್ ಕಾಲೂ ನೆಲಕ್ಕೆ ಊರ್ಕೊಂಡ್ ನಿಂತಿರ್ತದಾ? ಹಿಂಗಾಲು ಒಂದು ವಸಿ ಹಿಂದಕ್ಕದೆ. ಕೆಚ್ಚಲಿಗೆ ಜಾಗ ಬುಡಾಕೆ ಅಂಗೇ ನಿಲ್ಲೋದು. ಕತ್ತು ನೋಡಿ, ಹಿಂದಕ್ಕೆ ತಿರುಗ್ಸಿ ಕರೂನ ನೆಕ್ತಾ ಅದೆ. ನಂಬ್ದೆ ಇದ್ರೆ ಸಂಜೆ ಆಲ್ ಕರಿಯೋ ಒತ್ತಿಗೆ ಕೊಟ್ಟಿಗೇಗ್ ಬನ್ನಿ, ನಮ್ ಕೆಂದಸ ಎಂಗ್ ನಿಲ್ತದೆ ಅಂತ ತೋರಿಸ್ತೀನಿ." ಮೇಜಿನಿಂದ ಕೊಟ್ಟಿಗೆಗೆ ಹದಿನೈದು ಹೆಜ್ಜೆ ಇರಬಹುದು. ನಾನು ಹೋಗಲಿಲ್ಲ. ಹಾಗೆ ಅವಳು ಎಷ್ಟು ಸಲ ಕರೆದಳು, ನಾನು ಒಂದು ಸಲವೂ ಹೋಗಲಿಲ್ಲ.

ಆ ಕಾಸಿಗೆ ಮನೆಯಲ್ಲಿ ನಾಲ್ಕು ಕಾಲಿನ ಕಾಸು ಎಂದೇ ಹೆಸರಾಯಿತು. ಒಂದು ವರ್ಷ ನಮ್ಮ ನಡುವೆ ಅದು ಓಡಾಡಿತು. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ "ಕುದ್ರೆ ಸಾವ್ಕಾರ್ರು ಯೋಳ್ತಾವ್ರೆ" ಎನ್ನುವಳು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಮಗಳಿಗೆ ಫೋನಿನಲ್ಲಿ ಚಾಡಿ ಹೇಳುವಳು. ಮೊದಮೊದಲು ಇದೆಲ್ಲ ತಮಾಷೆಯೇ. ಆದರೆ ತಮಾಷೆ ಎಂದು ಅಂದುಕೊಂಡಿದ್ದವನು ನಾನು.

ಒಂದು ಸಂಜೆ ನಾನು ಪುಸ್ತಕದಲ್ಲಿ ಆ ಕಾಸಿನ ಹೆಸರಿನ ಮುಂದೆ "ಬಿದ್ದ ಸವಾರ" ಎಂದು ಶಾಯಿಯಲ್ಲಿ ಬರೆದು ಗೆರೆ ಎಳೆದೆ. ಅವಳು ಪಕ್ಕದಲ್ಲೇ ನಿಂತಿದ್ದಳು. ಅಕ್ಷರ ಕೂಡಿಸಿಕೊಂಡು ಓದಿದಳು. ಆಮೇಲೆ ತಣ್ಣಗಿನ ದನಿಯಲ್ಲಿ ಕೇಳಿದಳು: "ನಲವತ್ತು ವರ್ಸದಲ್ಲಿ ಒಂದ್ ಕಿತ, ಒಂದೇ ಒಂದ್ ಕಿತ, 'ನೀನ್ ಯೋಳಿದ್ದು ಸರಿ' ಅಂದಿದ್ದೀರಾ ನೀವು?"

"ಸರಿ ಇದ್ರೆ ತಾನೇ ಅನ್ನೋದು."

"ಇದ್ದಾಗ್ಲೂ ಅನ್ಲಿಲ್ಲ. ಹೋಗ್ಲಿ, ನಂಗೆ ಕುದ್ರೆನೂ ಬ್ಯಾಡ, ಅಸಾನೂ ಬ್ಯಾಡ. ಆ ಮಾತು ಒಂದ್ ದಪ ನಿಮ್ ಬಾಯಲ್ಲಿ ಕೇಳ್ಬೇಕು ಅಂತ ಆಸೆ ನಂಗೆ."

ಇಷ್ಟು ಸ್ಪಷ್ಟವಾಗಿ ಅವಳು ನನ್ನಲ್ಲಿ ಯಾವತ್ತೂ ಏನನ್ನೂ ಕೇಳಿರಲಿಲ್ಲ. ಸೀರೆ ಕೇಳಿದವಳಲ್ಲ, ಓಲೆ ಕೇಳಿದವಳಲ್ಲ. ಅನ್ನಬಹುದಿತ್ತು. ನಾಲಿಗೆ ಏನು ಸವೆದುಹೋಗುತ್ತಿತ್ತೇ? ಆದರೆ ನನ್ನ ಜಾಯಮಾನ ಅದು. "ಮೇಷ್ಟ್ರಿಗಿಂತ ನೀನ್ ದೊಡ್ಡೋಳಾ? ಓಗಿ ಸಗಣಿ ಬಾಚೋಗು" ಎಂದೆ. ಅವಳು ಹೋದಳು. ಮೂರು ದಿನ ಮಾತಿಲ್ಲ. ಬೇಕಾದಷ್ಟೇ ಮಾತು: "ಮುದ್ದೆ ಮಡಗಿವ್ನಿ", "ನೀರು ಕಾದದೆ". ನನಗೂ ಒಳಗೊಳಗೆ ಕಸಿವಿಸಿ. ಕಾಸನ್ನು ಪೊಟ್ಟಣಕ್ಕೆ ಹಾಕದೆ ಮೇಜಿನ ಮೇಲೇ ಬಿಟ್ಟುಕೊಂಡು, ಬೆಳಿಗ್ಗೆ ಎದ್ದರೆ ಅದನ್ನೇ ನೋಡುತ್ತಿದ್ದೆ. ಕುದುರೆಯನ್ನು ಕಾಣಲೇಬೇಕೆಂದು ಹಟ ಹಿಡಿದು ನೋಡುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಡೈರಿಗೆ ಹಾಲು ಹಾಕಿ ವಾಪಸು ಬಂದಳು. ನಾನು ಕಿಟಕಿಯ ಹತ್ತಿರ ಭೂತಗನ್ನಡಿ ಹಿಡಿದು ಕೂತಿದ್ದೆ. ಬಾಗಿಲ ಹತ್ತಿರ ಕ್ಯಾನು ಧಡಾರನೆ ಬಿದ್ದು ಉರುಳಿದ ಸದ್ದಾಯಿತು. ಕೈ ಅಲುಗಿ ಕಾಸು ಜಾರಿತು. "ಕಣ್ ಕಾಣಲ್ವಾ? ಮೆಲ್ಲಗೆ ಮಡಗಕ್ಕೆ ಏನ್ ರೋಗ ನಿಂಗೆ?" ಎಂದು ಕೂತಲ್ಲಿಂದಲೇ ಕೂಗಿದೆ. ಉತ್ತರ ಬರಲಿಲ್ಲ. ಇನ್ನೂ ಮಾತು ಬಿಟ್ಟಿದ್ದಾಳೆ ಎಂದುಕೊಂಡು ಮತ್ತೆ ಕಾಸು ನೋಡಲು ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಎದ್ದು ಹೋಗಿ ನೋಡುವಾಗ ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಆಸ್ಪತ್ರೆಯಲ್ಲಿ, ಬರುವಾಗಲೇ ಹೋಗಿಬಿಟ್ಟಿದ್ದರು ಎಂದರು. ಕೂಡಲೇ ಎದ್ದು ಹೋಗಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಡಾಕ್ಟರು ಹೇಳಲು ಬರುವುದಿಲ್ಲ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಸಿಂಧಘಟ್ಟಕ್ಕೆ, ಅವಳ ತವರಿಗೆ, ತಂದೆವು. ಮಣ್ಣು ಅಲ್ಲೇ ಆಗಬೇಕೆಂದು ಅವಳು ಯಾವಾಗಲೋ ಹೇಳಿದ್ದಳಂತೆ, ಮಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಮನೆಯ ಮುಂದೆ ಹಲಗೆಯ ಮೇಲೆ ಮಲಗಿಸಿ ಹೆಂಗಸರು ನೀರು ಹಾಕಿದರು. ಮುತ್ತೈದೆ ಸಾವು. ಕೆನ್ನೆಗೆಲ್ಲ ಅರಿಶಿನ ಬಳಿದು, ಹಣೆ ತುಂಬ ಕುಂಕುಮ ಇಟ್ಟು, ಹಸಿರು ಬಳೆ ತೊಡಿಸಿದರು. ನಾನು ಬೇಲಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದೆ. ನನ್ನನ್ನು ಯಾರು ಏನು ಕೇಳುತ್ತಿದ್ದರೋ, ನಾನು ಏನು ಹೇಳುತ್ತಿದ್ದೆನೋ, ಒಂದೂ ನೆನಪಿಲ್ಲ. ಮುಖ ನೋಡು ಬಾ ಎಂದು ಯಾರೋ ರಟ್ಟೆ ಹಿಡಿದು ಎಬ್ಬಿಸಿದರು.

ಹೋಗಿ ಬಗ್ಗಿದೆ. ಹಣೆಯ ಮೇಲೆ ಕಾಸು ಅಂಟಿಸಿದ್ದರು.

ನಮ್ಮಲ್ಲಿ ಸತ್ತವರ ಹಣೆಗೆ ಕಾಸು ಇಡುವುದು ಪದ್ಧತಿ. ಆಮೇಲೆ ತಿಳಿಯಿತು, ಬೆಳಿಗ್ಗೆ ನಾವು ಆಸ್ಪತ್ರೆಯಲ್ಲಿದ್ದಾಗ ಮನೆಗೆ ಬಂದ ನನ್ನ ಅಕ್ಕ ಒಂದು ತಾಮ್ರದ ಕಾಸಿಗಾಗಿ ಹುಡುಕಿದ್ದಾಳೆ. ಈಗಿನ ಸ್ಟೀಲು ಕಾಸು ಅಕ್ಕನಿಗೆ ಒಪ್ಪಿಗೆಯಿಲ್ಲ. "ಕಾಸಿನ ಗುಡ್ಡೆ ಮಡಿಕ್ಕೊಂಡಿರೋ ಮನೇಲಿ ಅವ್ಳ ಹಣೇಗೆ ತಗಡು ಇಕ್ತೀವೇನ್ಲಾ? ಮೇಜ್ ಮ್ಯಾಲೆ ಒಂದು ಬಿದ್ದಿತ್ತು, ತಂದೆ" ಎಂದಳು. ಪೊಟ್ಟಣಗಳನ್ನೆಲ್ಲ ಬಿಚ್ಚಿ ನೋಡಿದವಳಲ್ಲ. ಹೊರಗೆ ಬಿದ್ದಿದ್ದು ಅದೊಂದೇ. ಅದಕ್ಕೂ ಒದ್ದೆ ಅರಿಶಿನ ಬಳಿದು, ಹೆಬ್ಬೆರಳಿನಲ್ಲಿ ಮೇಲೆ ಮೇಲೆ ಒರೆಸಿ, ಅಂಟಿಸಿದ್ದಳು.

ಬಿಸಿಲು ಇಳಿಯುವ ಹೊತ್ತು. ಅಡ್ಡ ಬಿಸಿಲು. ಒರೆಸಿದ ಅರಿಶಿನ ತಗ್ಗಿನಲ್ಲೆಲ್ಲ ಕೂತು ಉಳಿದಿತ್ತು, ಉಬ್ಬಿದ ಜಾಗವೆಲ್ಲ ಕಪ್ಪಗೆ ಎದ್ದು ನಿಂತಿತ್ತು. ಹಿಂದಿನ ಮುಖವೇ ಮೇಲೆ ಬಂದಿತ್ತು. ನಾಲ್ಕು ಕಾಲು ಊರಿ ನಿಂತ ಪ್ರಾಣಿ. ಹಿಂಗಾಲೊಂದು ವಸಿ ಹಿಂದೆ. ಕತ್ತು ಹಿಂದಕ್ಕೆ ತಿರುಗಿದೆ. ಹೊಟ್ಟೆಯಡಿ ಮೊಲೆಗೆ ಬಾಯಿಟ್ಟ ಎರಡು ಮಕ್ಕಳು, ಮನುಷ್ಯರ ಮಕ್ಕಳು. ಮೇಲೆ ಎರಡು ನಕ್ಷತ್ರ.

ತೋಳ! ರೋಮಿನ ಹೆಣ್ಣು ತೋಳ. ಹೊಳೆಯಲ್ಲಿ ತೇಲಿಬಿಟ್ಟ ಅವಳಿ ಮಕ್ಕಳಿಗೆ ಹಾಲೂಡಿಸಿ ಸಾಕಿದ್ದು, ಆ ಮಕ್ಕಳೇ ಆ ಊರು ಕಟ್ಟಿದ್ದು. ಮೊಬೈಲಿನಲ್ಲಿ ಆ ಚಿತ್ರವನ್ನು ಎಷ್ಟು ಸಲ ದಾಟಿಕೊಂಡು ಹೋಗಿದ್ದೆನೋ. ಮುಂದಿನ ಮುಖದ ಮಣಿಪಟ್ಟಿ ಎಂದುಕೊಂಡಿದ್ದು ಶಿರಸ್ತ್ರಾಣದ ಜುಟ್ಟು. ಅದು ಚಕ್ರವರ್ತಿಯ ಮುಖವೇ ಅಲ್ಲ, ಆ ಊರಿನ ದೇವತೆಯದು. ಅವಳು ಹಸು ಎಂದದ್ದು ಹೆಸರಿನಲ್ಲಿ ತಪ್ಪಿರಬಹುದು. ಕಂಡದ್ದು ತಪ್ಪಿರಲಿಲ್ಲ. ತಾಯಿ ನಿಲ್ಲುವ ನಿಲುವು ಅವಳಿಗೆ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಸುತ್ತ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದಾರೆ, ಮಗಳು ಅಮ್ಮನ ಕಾಲು ಹಿಡಿದು ಬಿದ್ದಿದ್ದಾಳೆ, ನಾನು ಕಾಸು ಓದುತ್ತಿದ್ದೇನೆ. ಇದಕ್ಕಿಂತ ನೀಚತನ ಉಂಟೇ? ಆದರೆ ಸುಳ್ಳು ಹೇಳಲಾರೆ, ಆ ಕ್ಷಣ ನನಗಾದದ್ದು ಸಂತೋಷ. ಒಂದು ವರ್ಷದ ಗಂಟು ಬಿಚ್ಚಿದ ಸಂತೋಷ. "ಲೇ, ಬಾ ಇಲ್ಲಿ" ಎಂದು ಕರೆಯಲು ಬಾಯಿ ತೆರೆದೇಬಿಟ್ಟೆ. ಏನೇ ಕಂಡರೂ ಮೊದಲು ಕರೆಯುತ್ತಿದ್ದುದು ಅವಳನ್ನೇ. ಕರೆಯಬೇಕಾದವಳು ಕಾಸಿನ ಕೆಳಗೆ ಮಲಗಿದ್ದಾಳೆ ಎಂದು ಆಗ ತಿಳಿಯಿತು. ಬೆಳಗಿನಿಂದ ತಿಳಿದಿರಲಿಲ್ಲ. ನಿಜವಾಗಿ ತಿಳಿದದ್ದು ಆಗ.

ಅಕ್ಕ ನನ್ನ ಮುಖ ನೋಡಿ, "ಯಾಕ್ಲಾ, ಬೆಲೆ ಬಾಳೋದಾ ಅದು? ಬೇರೆದು ಮಡಗ್ಲಾ?" ಎಂದು ಕಿವಿಯಲ್ಲಿ ಕೇಳಿದಳು. ನಾನು ಬೇಡ ಎಂದು ತಲೆಯಾಡಿಸಿದೆ.

ತಿಂಗಳಾದ ಮೇಲೆ ಪಾಂಡವಪುರಕ್ಕೆ ಹೋಗಿ ಮೇಷ್ಟ್ರಿಗೆ ಹೇಳಿದೆ. ಅವರು ಮರುಗಿದರು, ಕಾಫಿ ಕೊಟ್ಟರು, ಆಮೇಲೆ ಮೆಲ್ಲಗೆ, "ಫೋಟೋ ಏನಾದ್ರೂ ಇದೆಯಾ?" ಎಂದರು. ಇಲ್ಲ ಎಂದೆ. "ಅರಿಶಿನದಲ್ಲಿ ಹಾಗೆ ಕಂಡಿರಬಹುದು. ದುಃಖದಲ್ಲಿ ಮನಸ್ಸು ಏನೇನೋ ತೋರಿಸುತ್ತದೆ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಂಡದ್ದನ್ನು ಕಂಡಿಲ್ಲ ಎನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಒಂದು ವರ್ಷ ಅವಳು ಅದನ್ನು ಹೇಗೆ ಸಹಿಸಿದಳೋ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ಬಸ್ಸಿನಲ್ಲಿ ವಾಪಸು ಬರುವಾಗ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಕಂಡಕ್ಟರು ಹುಡುಗ ನನ್ನ ಗುರುತು ಹಿಡಿದು ಮಾತಾಡಿಸಿದ, ನಾನು ಚಿಲ್ಲರೆ ಎಣಿಸಿ ಅವನ ಕೈಗಿಟ್ಟೆ.

ಮಣ್ಣು ಮಾಡಿದ ದಿನ, ಸಿಂಧಘಟ್ಟದ ಹೊಲದಲ್ಲಿ ಅವಳನ್ನು ಗುಂಡಿಗೆ ಇಳಿಸಿದ ಮೇಲೆ ಮುಖದ ಬಟ್ಟೆ ಒಂದು ಸಲ ಸರಿಸಿದರು. ಮೊದಲ ಮಣ್ಣು ಗಂಡನದು. ಮೂರು ಹಿಡಿ ಹಾಕಬೇಕು. ನಾನು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತೆ, ಕೈಯಲ್ಲಿ ಮಣ್ಣು ಹಿಡಿದುಕೊಂಡೇ ಇದ್ದೆ. ಊರಿಗೆ ಊರೇ ಸುತ್ತ ನಿಂತಿತ್ತು. ಬಸ್ಸಿನಲ್ಲಿ ನನ್ನ ಬೈಗುಳ ತಿಂದವರು ಅವರಲ್ಲಿ ಎಷ್ಟು ಜನವೋ.

"ನೀನ್ ಯೋಳಿದ್ದೇ ಸರಿ ಕಣಮ್ಮಿ" ಎಂದೆ. ಇನ್ನೊಂದು ಸಲ, ಸ್ಟಾಪಿನ ಹೆಸರು ಕೂಗುವ ಹಾಗೆ ಜೋರಾಗಿ ಎಂದೆ. "ಆಲು ಕುಡಿಸ್ತಾ ಅದೆ. ನೀನೇ ಸರಿ. ನಂದೇ ತಪ್ಪು."

ಯಾರಿಗೂ ಏನೂ ಅರ್ಥವಾಗಲಿಲ್ಲ. ಅಕ್ಕ ನನ್ನ ಬೆನ್ನು ಸವರಿ, "ಅತ್ತುಬುಡ್ಲಾ ಮಗ, ಅತ್ತುಬುಡು" ಎಂದಳು. ಹಿಂದಿನಿಂದ ಯಾರೋ, ಕತ್ತಲಾಗ್ತದೆ, ಮಣ್ಣಾಕ್ಲಿ ಎಂದರು. ಮೂರು ಹಿಡಿಯನ್ನೂ ಕಾಲಿನ ಕಡೆ ಹಾಕಿದೆ. ಹಣೆಯ ಕಡೆಗೆ ಹಾಕಲು ಕೈ ಬರಲಿಲ್ಲ. ಆಮೇಲೆ ಉಳಿದವರು ಗುದ್ದಲಿಯಲ್ಲಿ ಎಳೆದರು.

ಆ ತೋಳವನ್ನು ಈಗಲೂ ಕಣ್ಣು ಮುಚ್ಚಿ ಬರೆದು ತೋರಿಸಬಲ್ಲೆ, ಕತ್ತಿನ ಕೂದಲು, ಎರಡು ಮಕ್ಕಳು, ಎರಡು ನಕ್ಷತ್ರ. ಅವತ್ತಿನ ಅವಳ ಮುಖ ಹೇಗಿತ್ತು ಎಂದು ಮಗಳು ಒಮ್ಮೆ ಕೇಳಿದಳು. ಎಷ್ಟು ನೆನೆದರೂ ನನಗೆ ನೆನಪಾಗುವುದು ಕಾಸಿನ ಸುತ್ತ ಕಾಣುತ್ತಿದ್ದ ಹಣೆ ಮಾತ್ರ. ಮುಖ ನಾನು ನೋಡಲೇ ಇಲ್ಲ.